ಹಿಮದ ಕೆಳಗಿನ ಇನ್ನೂರ ಹನ್ನೆರಡು ಲೀಟರ್

ಎಲ್ದಿಯಾರ್ ರಾಜಧಾನಿ ಬಿಷ್ಕೆಕ್‌ನಿಂದ ಬೆಟ್ಟಗಳ ನಡುವಿನ ನರಿನ್‌ಗೆ ಬಂದಿಳಿದ ದಿನ ಡೈರಿಯ ಅಂಗಳದಲ್ಲಿ ಪಾದ ಮುಳುಗುವಷ್ಟು ಕೆಸರಿತ್ತು. ಮಾರ್ಚ್ ತಿಂಗಳಲ್ಲಿ ಅಲ್ಲಿ ಇರುವುದೇ ಅದು. ಅವನು ಮಾತ್ರ ಬಿಳಿ ಬೂಟು ಹಾಕಿಕೊಂಡು ಬಂದಿದ್ದ. ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ, ಮತ್ತೆ ಒಳಗೆಳೆದುಕೊಂಡ.

"ಇಲ್ಲಿ ಹಲಗೆ ಗಿಲಗೆ ಹಾಕೋ ಪದ್ಧತಿ ಇಲ್ವಾ?" ಎಂದು ಕೇಳಿದ.

ಲಾರಿಯಿಂದ ಹಾಲಿನ ಕ್ಯಾನು ಇಳಿಸುತ್ತಿದ್ದ ಚಾಲಕ ಮುಕಾಶ್ ತಿರುಗಿಯೂ ನೋಡದೆ, "ಮೇ ತಿಂಗಳಲ್ಲಿ ತಾನಾಗೇ ಒಣಗುತ್ತೆ ಕಣಪ್ಪ. ಅಲ್ಲೀವರೆಗೂ ಕಾರಲ್ಲೇ ಕೂತಿರು," ಎಂದ.

ಹಾಲು ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದ ಜಿಪಾರ್ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದಳು. ಅವಳಿಗೆ ಇಪ್ಪತ್ತೆರಡು. ಎಂಟನೇ ತರಗತಿಗೇ ಶಾಲೆ ಬಿಟ್ಟು ಅಮ್ಮನ ಜೊತೆ ಹಸು ಕರೆದವಳು, ನಾಲ್ಕು ವರ್ಷದಿಂದ ಈ ಮೇಜಿನಲ್ಲಿದ್ದಳು. ಬಂದವರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಮಾತು ಕಡಿಮೆ. ಯಾರಾದರೂ ಜೋರಾಗಿ ಏನಾದರೂ ಕೇಳಿದರೆ ಕುತ್ತಿಗೆ ಕೆಂಪಾಗುತ್ತಿತ್ತು. ಅದಕ್ಕೇ ಜನ ಅವಳನ್ನು ಜೋರಾಗಿ ಏನೂ ಕೇಳುತ್ತಿರಲಿಲ್ಲ, ಅವಳು ಇರುವುದೇ ಮರೆತು ಅವಳ ಎದುರು ಏನು ಬೇಕಾದರೂ ಮಾತಾಡುತ್ತಿದ್ದರು.

ಬಿಳಿ ಬೂಟಿನವನನ್ನು ಕರೆಸಿದ್ದು ಡೈರಿಯ ನಿರ್ದೇಶಕ ಶಾರ್ಶೆನ್. ಚಳಿಗಾಲದಲ್ಲಿ ಆತ ರಾಜಧಾನಿಯಲ್ಲಿ ಎರಡು ದಿನದ ಯಾವುದೋ ಸಮಾವೇಶಕ್ಕೆ ಹೋಗಿ, ಹೆಸರು ಅಚ್ಚಾದ ಒಂದು ಬಟ್ಟೆ ಚೀಲ ಮತ್ತು ಒಂದು ಪದ ತಂದಿದ್ದ. ಚೀಲವನ್ನು ಹೆಂಡತಿಗೆ ಕೊಟ್ಟ. ಪದವನ್ನು ಡೈರಿಗೆ ಕೊಟ್ಟ. ಕ್ಲೌಡ್. ಡೈರಿಯ ಲೆಕ್ಕ, ಹಾಲು ಹಾಕುವವರ ಪಟ್ಟಿ, ಲಾರಿಗಳ ದಾರಿ, ಎಲ್ಲವೂ ಶೈತ್ಯಾಗಾರದ ಪಕ್ಕದ ಕೋಣೆಯಲ್ಲಿದ್ದ ಒಂದು ಹಳೆಯ ಸರ್ವರಿನಲ್ಲಿದ್ದವು. ಅದು ಸದಾ ಬೆಚ್ಚಗಿರುತ್ತಿತ್ತು. ಲೆಕ್ಕದ ಬುರುಲ್ ಎಜೆ ಅದರ ಮೇಲೆ ಕಂಬಳಿಯ ತುಂಡು ಹಾಸಿ ಚಹಾದ ಪಾತ್ರೆ ಇಡುತ್ತಿದ್ದಳು. ಅವಳು ಎಲ್ಲರಿಗೂ ಎಜೆ, ಅಂದರೆ ಅಕ್ಕ.

"ಜಗತ್ತೆಲ್ಲ ಕ್ಲೌಡ್‌ನಲ್ಲಿದೆ, ನಾವು ಇನ್ನೂ ಚಹಾ ಪಾತ್ರೆ ಕೆಳಗಿದ್ದೀವಿ," ಎಂದು ಶಾರ್ಶೆನ್ ಸಭೆ ಕರೆದು ಹೇಳಿದ್ದ.

ಕ್ಲೌಡಿಗೆ ಹೋಗುವುದು ತಪ್ಪೆಂದು ಜಿಪಾರ್‌ಗೆ ಅನ್ನಿಸಿರಲಿಲ್ಲ. ಲಾರಿಯಲ್ಲಿ ಕೂತೇ ಪಟ್ಟಿ ನೋಡಬಹುದಾದರೆ ಒಳ್ಳೆಯದೇ. ಸಾಗಿಸಲು ಬಂದವನನ್ನು ನೋಡಿದ ಮೇಲೆ ಅವಳಿಗೆ ಅನುಮಾನ ಹುಟ್ಟಿತು.

ಎಲ್ದಿಯಾರ್ ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಪಾಠ ಮಾಡಿದ. ಕಾಫಿ ಯಂತ್ರವನ್ನೂ ಜೊತೆಗೇ ತಂದಿದ್ದ. ಇಲ್ಲಿನ ಚಹಾದಲ್ಲಿ ಕುರಿಯ ವಾಸನೆ ಬರುತ್ತದಂತೆ. ಅವನ ಅಜ್ಜನೂ ಕುರಿ ಕಾಯ್ದವನೇ, ಅದನ್ನು ಅವನೇ ನಗುತ್ತ ಹೇಳಿದ, ಸತ್ತುಹೋದ ಯಾವುದೋ ಪ್ರಾಣಿಯ ಬಗ್ಗೆ ಹೇಳುವ ಹಾಗೆ.

"ಇದು ಮನೆ ಬದಲಾಯಿಸಿದ ಹಾಗೆ, ಅಷ್ಟೇ," ಎಂದ. "ಭಯ ಪಡಬೇಡಿ. ಹಳೇ ಮನೆಯಿಂದ ಹೊಸ ಮನೆಗೆ ಹೋಗುವಾಗ ಏನ್ ಮಾಡ್ತೀವಿ? ಬೇಕಾದ್ದು ತಗೊಂಡು ಹೋಗ್ತೀವಿ, ಕಸ ಬಿಟ್ಟು ಹೋಗ್ತೀವಿ. ಕ್ಲೌಡಲ್ಲಿ ಜಾಗಕ್ಕೆ ಬಾಡಿಗೆ ಇದೆ. ಕಸಕ್ಕೆ ಯಾರಾದ್ರೂ ಬಾಡಿಗೆ ಕಟ್ತಾರಾ?"

ವರ್ಷಕ್ಕೆ ಎರಡು ಸಲ ಗುಡಾರ, ಹಾಸಿಗೆ, ಒಲೆ, ಮುದುಕರು, ಮಕ್ಕಳು, ದನಕರು ಸಮೇತ ಬೆಟ್ಟ ಹತ್ತಿ ಇಳಿಯುವ ಜನ ಸುಮ್ಮನೆ ಕೇಳಿದರು.

"ಮನೆ ಸಾಗಿಸೋದು ನಮಗೆ ಗೊತ್ತೇ ಇರ್ಲಿಲ್ಲ ನೋಡು," ಎಂದು ಬುರುಲ್ ಎಜೆ ಜಿಪಾರ್‌ಳ ಕಿವಿಯ ಹತ್ತಿರ ಗೊಣಗಿದಳು.

"ಕಸ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ ನಿಂಗೆ?" ಎಂದು ಮುಕಾಶ್ ಕೇಳಿದ.

"ನಂಗೆ ಗೊತ್ತಾಗೋದು ಬೇಡ ಬೈಕೆ. ಯಂತ್ರಕ್ಕೆ ಗೊತ್ತಾಗುತ್ತೆ," ಎಂದ ಎಲ್ದಿಯಾರ್. ಬೈಕೆ ಎಂದರೆ ಅಣ್ಣ. ಅವನ ಬಾಯಲ್ಲಿ ಅದು ಹೋಟೆಲಿನಲ್ಲಿ ಮಾಣಿಯನ್ನು ಕರೆದ ಹಾಗಿತ್ತು. "ಪಟ್ಟೀಲಿ ಆರು ತಿಂಗಳಿಂದ ಅಲುಗದೇ ಬಿದ್ದಿರೋ ಸಾಲು ಸತ್ತ ಸಾಲು. ಸತ್ತದ್ದನ್ನ ಹೊತ್ಕೊಂಡು ಹೋಗಲ್ಲ."

ನಾಲ್ಕನೇ ದಿನ ಸತ್ತ ಸಾಲುಗಳ ಪಟ್ಟಿ ಬಂತು. ಇನ್ನೂರ ಹದಿಮೂರು. ಕೆಲಸಗಾರರೆಲ್ಲ ಒಮ್ಮೆ ನೋಡಲಿ ಎಂದು ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಹಾಕಿದ್ದ. ಯಾರೂ ನೋಡಲಾರರು ಎಂಬ ಧೈರ್ಯದಲ್ಲಿ ಹಾಕಿದ್ದು ಅದು.

ಜಿಪಾರ್ ನೋಡಿದಳು. ಕೆಂಪು ಅಕ್ಷರದ ಮೊದಲ ಹೆಸರು ಅಸಿಲ್‌ಕಾನ್, ತಾಶ್-ಬೆಲ್ ಹುಲ್ಲುಗಾವಲು, ಸೀಳು ಬಂಡೆಯ ಹತ್ತಿರ. ಅದು ಅವಳ ಅಮ್ಮ. ಅದರ ಕೆಳಗೆ ಅಮ್ಮನ ಪಕ್ಕದ ಗುಡಾರದವರು. ಅದರ ಕೆಳಗೆ ಹೊಳೆಯಾಚೆಯ ಮೂವರು ಅಣ್ಣತಮ್ಮಂದಿರು. ಬೆರಳಿಟ್ಟು ಕೆಳಕೆಳಗೆ ಹೋದಳು. ಒಂದನ್ನು ಬಿಟ್ಟರೆ ಎಲ್ಲವೂ ಮೇಲಿನ ಹುಲ್ಲುಗಾವಲಿನ ಸಾಲುಗಳು.

ಪ್ರತಿ ಮನೆಗೂ ಪಟ್ಟಿಯಲ್ಲಿ ಎರಡು ಸಾಲು ಇದ್ದವು. ಒಂದು ಊರಿನದು, ಚಳಿಗಾಲಕ್ಕೆ. ಇನ್ನೊಂದು ಬೆಟ್ಟದ ಮೇಲಿನದು, ಜೂನ್‌ನಿಂದ ಸೆಪ್ಟೆಂಬರಿನ ನಡುವಿನವರೆಗೆ. ಒಂದು ಎದ್ದಿದ್ದಾಗ ಇನ್ನೊಂದು ಮಲಗಿರುತ್ತದೆ. ಮಾರ್ಚ್ ಕೊನೆಯಲ್ಲಿ ನಿಂತು ಹಿಂದಕ್ಕೆ ಆರು ತಿಂಗಳು ಎಣಿಸಿದರೆ ಬೆಟ್ಟದ ಮೇಲಿನವರೆಲ್ಲ ಸತ್ತಿರಲೇಬೇಕು.

ಹೋದರೆ ಹೋಗಲಿ, ಜೂನ್‌ನಲ್ಲಿ ಮತ್ತೆ ಬರೆದುಕೊಂಡರಾಯಿತು ಎನ್ನುವ ಹಾಗಿರಲಿಲ್ಲ. ಹೊಸ ಸಾಲು ತೆರೆಯಲು ದನದ ಡಾಕ್ಟರ ಮೊಹರು ಬೇಕು, ಕುಡಿಯುವ ನೀರಿನ ಪರೀಕ್ಷೆ ಬೇಕು, ಮೂರು ಕಡೆ ಸಹಿ ಬೇಕು. ಇಡೀ ಸೀಮೆಗೆ ಅಂಥ ಡಾಕ್ಟರು ಒಬ್ಬನೇ. ತಾಶ್-ಬೆಲ್‌ನ ಹದಿನೈದು ಮನೆಯವರನ್ನು ಡೈರಿಗೆ ಹಾಲು ಹಾಕಿ ಎಂದು ಒಪ್ಪಿಸಿದ್ದು ಜಿಪಾರ್. ಅಷ್ಟು ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ. ಹೋದ ಬೇಸಿಗೆಯಲ್ಲಿ ಆ ಮೊಹರು ಬರುವಷ್ಟರಲ್ಲಿ ಆಗಸ್ಟ್ ಬಂದಿತ್ತು. ಅಲ್ಲಿಯವರೆಗೆ ಅಮ್ಮ ಬೆಣ್ಣೆ ತೆಗೆದಷ್ಟು ತೆಗೆದು, ಮೊಸರುಂಡೆ ಒಣಗಿಸಿದಷ್ಟು ಒಣಗಿಸಿ, ಉಳಿದ ಹಾಲನ್ನು ಗುಡಾರದ ಹಿಂದೆ ಸುರಿಯುತ್ತಿದ್ದಳು. ನಾಯಿಗಳಿಗೂ ಸಾಕಾಗಿ ಅವು ಹಾಲಿನ ಪಕ್ಕದಲ್ಲೇ ಮಲಗಿರುತ್ತಿದ್ದವು. ಅಮ್ಮ ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಪಕ್ಕದ ಗುಡಾರದವರು ಅಂದರು.

ಹದಿನೈದು ಮನೆಗೇ ಎರಡು ತಿಂಗಳಾದರೆ ಇನ್ನೂರಕ್ಕೆ ಎಷ್ಟು? ಅಷ್ಟರಲ್ಲಿ ಹಿಮ ಬಿದ್ದು ಎಲ್ಲರೂ ಕೆಳಗೆ ಬಂದಿರುತ್ತಾರೆ.

ಅವಳು ಎದ್ದು ಎಲ್ದಿಯಾರ್ ಕೂತಿದ್ದ ಮೇಜಿಗೆ ಹೋದಳು. ಅವನು ಇಯರ್‌ಫೋನ್ ಒಂದನ್ನು ಮಾತ್ರ ಕಿವಿಯಿಂದ ತೆಗೆದ.

"ಇವು ಕಸ ಅಲ್ಲ," ಎಂದಳು.

"ಯಾವು?"

"ಕೆಂಪಲ್ಲಿ ಇರೋವು. ಇವು ಬೇಸಿಗೇವು."

ಅವನು ತನ್ನ ಜೊತೆ ಬಂದಿದ್ದ ಸಹಾಯಕನ ಕಡೆ ತಿರುಗಿ, "ಬೇಸಿಗೆಯಂತೆ ಕಣೋ. ಡೇಟಾಬೇಸಲ್ಲಿ ಬೇಸಿಗೆ," ಎಂದ. ಕಪ್ಪು ಟೋಪಿಯ ಆ ಸಹಾಯಕ ನಕ್ಕ. ಎಲ್ದಿಯಾರ್ ಏನು ಹೇಳಿದರೂ ನಗುವುದು ಅವನ ಕೆಲಸದ ಭಾಗವಾಗಿತ್ತು.

"ಜೂನ್‌ನಲ್ಲಿ ಇವರು ಮೇಲೆ ಹೋಗ್ತಾರೆ. ಆವಾಗ ಈ ಸಾಲು ಬೇಕು."

"ತಂಗಿ, ನೀನು ಎಷ್ಟನೇ ಕ್ಲಾಸು ಓದಿದೀಯ?"

ಕುತ್ತಿಗೆ ಕೆಂಪಾಯಿತು. "ಎಂಟು."

"ನಾನು ಪ್ರಾಗ್‌ನಲ್ಲಿ ಮೂರು ವರ್ಷ ಓದಿದೀನಿ. ಇದುವರೆಗೂ ಹದಿನೇಳು ಕಂಪನಿ ಸಾಗಿಸಿದೀನಿ. ಒಂದು ಬ್ಯಾಂಕು ಸಾಗಿಸಿದೀನಿ. ಒಬ್ಬ ಮನುಷ್ಯನಿಗೆ ಎರಡು ವಿಳಾಸ ಇದ್ರೆ ಅದು ತಪ್ಪು. ಯಾವ ದೇಶದಲ್ಲೂ ತಪ್ಪು."

"ನಿಮ್ಮಜ್ಜನಿಗೆ ಎಷ್ಟಿತ್ತು?"

ಇದು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಎಲ್ದಿಯಾರ್ ಇಯರ್‌ಫೋನ್ ಮತ್ತೆ ಕಿವಿಗೆ ಹಾಕಿಕೊಂಡ.

ನಿರ್ದೇಶಕನ ಕೋಣೆಗೂ ಹೋದಳು. ಶಾರ್ಶೆನ್ ಕನ್ನಡಿಯ ಎದುರು ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದ. ಅವಳು ಹೇಳಿದ್ದನ್ನು ಕನ್ನಡಿಯಲ್ಲೇ ಕೇಳಿಸಿಕೊಂಡ.

"ಜೂನ್‌ನಲ್ಲಿ ನೋಡ್ಕೊಳ್ಳೋಣ ಮಗಳೇ."

"ಮೊಹರು ಬರಲ್ಲ ಬೈಕೆ. ಹೋದ ವರ್ಷ—"

"ಎಲ್ಲ ಆಗುತ್ತೆ. ಅವರು ತಿಳಿದೋರು. ಶುಕ್ರವಾರ ಬೆಳಿಗ್ಗೆ ಸಾಗಿಸಿ ಮುಗಿಸಿ ಹಳೇದನ್ನ ಒರೆಸಿ ಹಾಕ್ತಾರೆ. ಶನಿವಾರ ಅತಿಥಿಗಳು ಬರ್ತಾರೆ. ನೀನು ಒಳ್ಳೇ ಬಟ್ಟೆ ಹಾಕ್ಕೊಂಡು ಬಾ, ಚಹಾ ಬಡಿಸೋಕೆ ಯಾರೂ ಇಲ್ಲ."

ಆತನ ಸ್ವಂತ ಅತ್ತಿಗೆಯ ಹೆಸರು ಪಟ್ಟಿಯಲ್ಲಿ ನಲವತ್ತನೆಯದಾಗಿತ್ತು. ಜಿಪಾರ್ ಅದನ್ನು ಹೇಳಲಿಲ್ಲ. ಹೇಳಿದ್ದರೆ ಆ ಒಂದು ಸಾಲು ಮಾತ್ರ ಉಳಿಯುತ್ತಿತ್ತು.

ಮಂಗಳವಾರ ಕಾಲಿಯಾ ಎಂಬ ಮುದುಕಿ ಒಂದು ಸಣ್ಣ ಕ್ಯಾನಿನಲ್ಲಿ ಹಾಲು ತಂದಳು. ಊರಿನವಳೇ, ಮೇಲಕ್ಕೆ ಹೋಗುವವಳಲ್ಲ. ಹೋದ ಬೇಸಿಗೆಯಲ್ಲಿ ಕಾಯಿಲೆ ಬಿದ್ದಿದ್ದಳು, ಅವಳ ಹಸುವಿನ ಹಾಲೂ ಬತ್ತಿತ್ತು, ಹಸು ಈಗ ಕರು ಹಾಕಿತ್ತು. ಜಿಪಾರ್ ಎರಡು ಲೀಟರ್ ಬರೆದುಕೊಂಡಳು. ಸಂಜೆ ಮನೆಗೆ ಹೊರಡುವ ಮುಂಚೆ ಕೆಂಪು ಪಟ್ಟಿಯನ್ನು ಮತ್ತೊಮ್ಮೆ ತೆರೆದಳು, ನೋಯುವ ಹಲ್ಲನ್ನು ನಾಲಿಗೆ ಮುಟ್ಟಿ ನೋಡುವ ಹಾಗೆ. ಕೆಳಗೆ ಸಂಖ್ಯೆ ಬದಲಾಗಿತ್ತು. ಇನ್ನೂರ ಹನ್ನೆರಡು. ಮುದುಕಿಯ ಹೆಸರು ಕಾಣೆಯಾಗಿತ್ತು. ಹುಡುಕಿದಳು. ಬದುಕಿರುವವರ ಪಟ್ಟಿಯಲ್ಲಿ ಹಸಿರಾಗಿ ಕೂತಿತ್ತು. ಯಾರೂ ಅದನ್ನು ಅಲ್ಲಿಗೆ ಒಯ್ದಿರಲಿಲ್ಲ. ಎರಡು ಲೀಟರ್ ಹಾಲು ಒಯ್ದಿತ್ತು.

ಅವಳು ತುಂಬ ಹೊತ್ತು ಕೋಟು ಹಾಕಿಕೊಂಡೇ ಕೂತಿದ್ದಳು.

ನಾಲ್ಕು ವರ್ಷದಲ್ಲಿ ಅವಳು ಒಂದು ಸುಳ್ಳು ಲೀಟರ್ ಬರೆದವಳಲ್ಲ. ಹಾಲಿಗೆ ನೀರು ಹಾಕಿದ ತನ್ನ ಸ್ವಂತ ಚಿಕ್ಕಪ್ಪನ ಕ್ಯಾನನ್ನು ಎಲ್ಲರೆದುರು ವಾಪಸು ಕಳಿಸಿದ್ದಳು. ಬುಧವಾರ ಮಧ್ಯಾಹ್ನ ಎಲ್ದಿಯಾರ್ ಊಟಕ್ಕೆ ಹೋದ ಮೇಲೆ ಅವಳು ತಾಶ್-ಬೆಲ್‌ನ ಪುಟ ತೆರೆದಳು. ಅಸಿಲ್‌ಕಾನ್. ಒಂದು ಲೀಟರ್. ಫ್ಯಾಟ್ ಬರೆಯುವ ಚೌಕಕ್ಕೆ ಬಂದಾಗ ಕೈ ನಿಂತಿತು. ಎಲ್ಲರಿಗೂ ಒಂದೇ ಅಂಕಿ ಹಾಕಿಬಿಟ್ಟರೆ ಬೇಗ ಮುಗಿಯುತ್ತದೆ. ಮನಸ್ಸು ಒಪ್ಪಲಿಲ್ಲ. ಅಮ್ಮನ ಹಸುಗಳದು ನಾಲ್ಕೂವರೆ. ಹೊಳೆಯಾಚೆಯವರದು ನಾಲ್ಕು ದಾಟುವುದಿಲ್ಲ. ಒಬ್ಬೊಬ್ಬರದೂ ಅವಳಿಗೆ ಬಾಯಿಪಾಠ. ಹಾಲು ಸುಳ್ಳಾದರೂ ಫ್ಯಾಟ್ ನಿಜವೇ ಇರಲಿ ಎಂದುಕೊಂಡು ಒಬ್ಬೊಬ್ಬರಿಗೂ ಅವರವರದೇ ಹಾಕುತ್ತ ಹೋದಳು.

ಬುರುಲ್ ಎಜೆ ಚಹಾ ತಂದಿಟ್ಟು ಅವಳ ಭುಜದ ಮೇಲಿಂದ ನೋಡಿದಳು.

"ಏನ್ ಬರೀತಿದೀಯ?"

"ಹಾಲು."

"ಯಾರ್ದು?"

"ಮೇಲಿನೋರ್ದು."

ಬುರುಲ್ ಎಜೆ ಕಿಟಕಿಯಾಚೆ ನೋಡಿದಳು. ಬೆಟ್ಟಗಳು ತಳದವರೆಗೂ ಬೆಳ್ಳಗಿದ್ದವು. ತಾಶ್-ಬೆಲ್‌ನಲ್ಲಿ ಈಗ ತೋಳವೂ ಇರುವುದಿಲ್ಲ.

"ಈ ವರ್ಷ ಹಿಮಕ್ಕೆ ಒಳ್ಳೇ ಫ್ಯಾಟ್ ಬಂದಿದೆ," ಎಂದಳು. ಹೋಗುವಾಗ ಬಾಗಿಲು ಎಳೆದುಕೊಂಡು ಹೋದಳು.

ಗುರುವಾರ ಮಧ್ಯಾಹ್ನಕ್ಕೆ ಇನ್ನೂರ ಹನ್ನೆರಡೂ ಮುಗಿದವು. ಶುಕ್ರವಾರ ಬೆಳಿಗ್ಗೆ ಎಲ್ದಿಯಾರ್ ಸಾಗಾಟ ಶುರು ಮಾಡುವ ಮುಂಚೆ ಕಸದ ಪಟ್ಟಿ ತೆರೆದ. ಅದು ಖಾಲಿಯಾಗಿತ್ತು. ಜಿಪಾರ್ ತನ್ನ ಮೇಜಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಈಗ ಕೇಳುತ್ತಾನೆ. ಇನ್ನೂರು ಹೆಣ ಎಲ್ಲಿಗೆ ಎದ್ದು ಹೋದವು ಎಂದು ಯಾರಾದರೂ ಕೇಳಲೇಬೇಕಲ್ಲ.

"ನೋಡಿ," ಎಂದ ಎಲ್ದಿಯಾರ್, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ. "ಎಲ್ಲ ಶುದ್ಧವಾಗಿದೆ. ಯಂತ್ರವೇ ಕಸ ಗುಡಿಸಿಬಿಟ್ಟಿದೆ. ನಾವು ಮುಟ್ಟೋದೂ ಬೇಡ."

ಕಪ್ಪು ಟೋಪಿಯವನು ನಕ್ಕ. ಜಿಪಾರ್‌ಗೆ ಅಲ್ಲಿಯವರೆಗೆ ಎದೆಯಲ್ಲಿದ್ದ ಹೆದರಿಕೆ ಒಮ್ಮೆಲೇ ಇಳಿದುಹೋಯಿತು. ಇಷ್ಟು ದಿನ ಹೆದರಿದ್ದು ಇಂಥವನಿಗಾ ಎಂದು ಅವಳಿಗೆ ತನ್ನ ಮೇಲೇ ಸ್ವಲ್ಪ ಹೇಸಿಗೆಯಾಯಿತು.

ಸಂಜೆಯ ಹೊತ್ತಿಗೆ ಎಲ್ಲ ಸಾಲುಗಳೂ ಕ್ಲೌಡ್ ಸೇರಿ, ಹಳೆಯ ಸರ್ವರ್ ತಣ್ಣಗಾಯಿತು.

ಶನಿವಾರ ರಾಜಧಾನಿಯಿಂದ ಮೂವರು ಅತಿಥಿಗಳು ಬಂದರು. ಕ್ಯಾಂಟೀನಿನಲ್ಲಿ ಉದ್ದ ಮೇಜು ಹಾಕಿ, ಕುರಿ ಕಡಿದು, ಬೆಶ್‌ಬರ್ಮಕ್ ಎಂಬ ಮಾಂಸದ ಹಬ್ಬದಡುಗೆ ಮಾಡಿದ್ದರು. ಕುರಿಯ ತಲೆ ಎಲ್ದಿಯಾರ್ ಮುಂದೆ ಬಂತು, ಅವತ್ತಿನ ದೊಡ್ಡ ಮನುಷ್ಯ ಅವನೇ ತಾನೆ. ತಲೆ ಪಡೆದವನು ಕಿವಿ ಕತ್ತರಿಸಿ ಅಲ್ಲಿರುವ ಎಲ್ಲರಿಗಿಂತ ಕಿರಿಯರಿಗೆ ಕೊಡಬೇಕು. ಅವನು ಚಾಕುವನ್ನು ಪೆನ್ನಿನ ಹಾಗೆ ಹಿಡಿದು ಕುಯ್ದ. ಮುಕಾಶ್ ಮುಖ ಆಚೆ ತಿರುಗಿಸಿದ. ಹೇಗೋ ಒಂದು ಕಿವಿ ಬಂತು. ಚಹಾ ಬಡಿಸುತ್ತ ನಿಂತಿದ್ದ ಜಿಪಾರ್ ಕಡೆ ಅದನ್ನು ಚಾಚಿ, "ತಗೋ ತಂಗಿ. ತಿಂದು, ದೊಡ್ಡೋರು ಹೇಳಿದ್ದು ಕೇಳೋದು ಕಲಿ," ಎಂದ.

ಅತಿಥಿಗಳು ನಕ್ಕರು. ಅವಳು ಎರಡೂ ಕೈಯಲ್ಲಿ ಇಸಿದುಕೊಂಡು, ಅಲ್ಲೇ ನಿಂತು ಪೂರ್ತಿ ತಿಂದಳು.

ಆಮೇಲೆ ಗೋಡೆಯ ಮೇಲೆ ಚಿತ್ರ ತೋರಿಸಿದರು. ಇಡೀ ಸೀಮೆಯ ನಕ್ಷೆ, ಹಾಲು ಬಂದ ಕಡೆಯಲ್ಲೆಲ್ಲ ಹಸಿರು ಚುಕ್ಕೆ. ಶಾರ್ಶೆನ್ ಎದ್ದು ನಿಂತು ಕನ್ನಡಿಯೆದುರು ಕಲಿತದ್ದನ್ನೆಲ್ಲ ಹೇಳಿದ. ಎಲ್ದಿಯಾರ್ ಒಂದು ಗುಂಡಿ ಒತ್ತಿದಾಗ ನಕ್ಷೆಯ ಮೇಲ್ಭಾಗದ ಬೆಟ್ಟಗಳೆಲ್ಲ ಹಸಿರು ಚುಕ್ಕೆಯಿಂದ ತುಂಬಿಹೋದವು.

"ಇದು ನೋಡಿ," ಎಂದ. "ಮಾರ್ಚ್ ತಿಂಗಳ ಅಂಕಿ. ಎತ್ತರದ ಹುಲ್ಲುಗಾವಲುಗಳಿಂದ ಇನ್ನೂರ ಹನ್ನೆರಡು ಮನೆಯವರು ಹಾಲು ಹಾಕಿದ್ದಾರೆ. ಹೋದ ಮಾರ್ಚ್‌ನಲ್ಲಿ ಸೊನ್ನೆ. ಹಳೇ ಪದ್ಧತಿಯಲ್ಲಿ ಇಂಥದ್ದು ಕಣ್ಣಿಗೇ ಬೀಳ್ತಿರಲಿಲ್ಲ."

ಅತಿಥಿಗಳು ಚಪ್ಪಾಳೆ ತಟ್ಟಿದರು. ಡೈರಿಯ ಕಡೆಯವರು ಯಾರೂ ತಟ್ಟಲಿಲ್ಲ. ಶಾರ್ಶೆನ್ ಮಾತ್ರ ತಟ್ಟಲು ಶುರು ಮಾಡಿದ, ಮೂರನೆಯದಕ್ಕೆ ಆತನ ಕೈ ನಿಧಾನವಾಯಿತು.

ಮುಕಾಶ್ ಮೂಳೆಯನ್ನು ತಟ್ಟೆಯಲ್ಲಿಟ್ಟು ಬೆರಳು ಒರೆಸಿಕೊಂಡ. "ಒಂದು ಕೇಳ್ತೀನಿ. ಆ ಹಾಲನ್ನ ತಂದೋರು ಯಾರು?"

"ನಿಮ್ಮ ಲಾರಿ, ಬೈಕೆ."

"ನನ್ನ ಲಾರಿ ಸೆಪ್ಟೆಂಬರಿಂದ ಆ ಕಡೆ ಮುಖ ಹಾಕಿಲ್ಲ. ಕಣಿವೆ ದಾರಿ ಮೇ ತಿಂಗಳವರೆಗೂ ಮುಚ್ಚಿರುತ್ತೆ. ಎರಡಾಳುದ್ದ ಹಿಮ."

"ಅಂಕಿ ಸುಳ್ಳು ಹೇಳಲ್ಲ ಬೈಕೆ," ಎಂದ ಎಲ್ದಿಯಾರ್, ಅತಿಥಿಗಳ ಕಡೆ ನೋಡಿ ಮುಗುಳ್ನಕ್ಕು.

"ಅಂಕಿ ಹೇಳಲ್ಲ. ಹಿಮಾನೂ ಹೇಳಲ್ಲ. ಇನ್ನುಳಿದಿರೋದು ನೀನು."

ಮೇಜಿನ ಆ ತುದಿಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಅತಿಥಿಗಳಲ್ಲಿ ಒಬ್ಬ ಹೆಂಗಸು ಕನ್ನಡಕ ಸರಿಮಾಡಿಕೊಂಡು ನಕ್ಷೆಯನ್ನು ಮತ್ತೆ ನೋಡಿದಳು.

"ನಾನು ಬರೆದೆ," ಎಂದಳು ಜಿಪಾರ್.

ಕೈಯಲ್ಲಿ ಚಹಾ ಪಾತ್ರೆ ಇತ್ತು. ಅದನ್ನು ಕೆಳಗಿಟ್ಟಳು. ಕುತ್ತಿಗೆ ಕೆಂಪಾಗಿರುವುದು ಅವಳಿಗೇ ಗೊತ್ತಾಗುತ್ತಿತ್ತು, ಆಗಲಿ ಎಂದು ಬಿಟ್ಟಳು.

"ಮನೆಗೆ ಒಂದೊಂದು ಲೀಟರ್. ಹಾಲು ಬಂದಿಲ್ಲ. ಆರು ತಿಂಗಳು ಅಲುಗದ ಸಾಲು ಸತ್ತಿದ್ದು ಅಂತ ಇವರು ಹೇಳಿದ್ರು. ಅವರು ಬೇಸಿಗೆಯೋರು, ಬಿಟ್ಟು ಹೋಗ್ಬೇಡಿ ಅಂತ ನಾನು ಹೇಳಿದೆ. ನನ್ನ ಕ್ಲಾಸು ಕೇಳಿದ್ರು. ಅದಕ್ಕೆ ಅಲುಗಿಸಿದೆ. ಇವರಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಗೊತ್ತಾಗ್ಲಿಲ್ಲ."

ಎಲ್ದಿಯಾರ್‌ನ ಮುಖ ಅವನ ಮುಂದಿದ್ದ ಕುರಿಯ ಮುಖಕ್ಕಿಂತ ಬಿಳುಚಿಕೊಂಡಿತು. ಕಪ್ಪು ಟೋಪಿಯವನು ಅಭ್ಯಾಸಬಲದಿಂದ ನಗಲು ಹೋಗಿ, ಎಲ್ಲಿ ನಗಬೇಕೆಂದು ತಿಳಿಯದೆ ಬಾಯಿ ಮುಚ್ಚಿಕೊಂಡ. ಆಗ ಶಾರ್ಶೆನ್ ಗಟ್ಟಿಯಾಗಿ ನಕ್ಕುಬಿಟ್ಟ. ಎರಡು ಕೈ ಮೇಲೆತ್ತಿ, "ನಮ್ಮ ಹುಡುಗೀರಿಗೆ ತಮಾಷೆ ಜಾಸ್ತಿ. ಮಾಂಸ ಆರಿ ಹೋಗುತ್ತೆ, ತಗೊಳ್ಳಿ, ತಗೊಳ್ಳಿ," ಎಂದ. ಯಾರೋ ದೀಪ ಹಾಕಿದರು. ಗೋಡೆಯ ಮೇಲಿನ ಚುಕ್ಕೆಗಳು ಮಾಸಿದವು.

ಸೋಮವಾರ ಶಾರ್ಶೆನ್ ಜಿಪಾರ್‌ಳನ್ನು ಕೋಣೆಗೆ ಕರೆಸಿದ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು.

"ಸಹಿ ಹಾಕು. ತಪ್ಪಾಗಿ ಬರೆದೆ, ಕೆಲಸ ಸರಿಯಾಗಿ ಗೊತ್ತಿಲ್ಲದೆ ಬರೆದೆ ಅಂತ ಇದೆ. ಎಲ್ದಿಯಾರ್ ಅವರು ಬಿಷ್ಕೆಕ್‌ನಿಂದಲೇ ಸರಿ ಮಾಡ್ತಾರೆ."

"ಸರಿ ಮಾಡೋದು ಅಂದ್ರೆ?"

"ಆ ಸಾಲುಗಳನ್ನ ತೆಗೀತಾರೆ."

"ಲೀಟರ್ ಸುಳ್ಳು, ಅದನ್ನ ತೆಗೀಲಿ. ಸಾಲು ನಿಜ."

ಶಾರ್ಶೆನ್ ಹಾಳೆಯನ್ನು ಇನ್ನಷ್ಟು ಅವಳ ಕಡೆ ಸರಿಸಿದ. ಲೀಟರ್ ಮಾತ್ರ ತೆಗೆದು ಸಾಲು ಉಳಿಸಿದರೆ, ನಿಜವಾದ ಸಾಲುಗಳನ್ನೇ ಕಸ ಎಂದದ್ದು ಹದಿನೇಳು ಕಂಪನಿ ಸಾಗಿಸಿದವನ ತಪ್ಪು ಎಂದು ಬರೆದು ಕೊಡಬೇಕಾಗುತ್ತದೆ. ಅತಿಥಿಗಳು ಚಪ್ಪಾಳೆ ತಟ್ಟಿದ್ದು ಹಿಮಕ್ಕೆ ಎಂದೂ ಒಪ್ಪಿಕೊಳ್ಳಬೇಕಾಗುತ್ತದೆ. ಹುಡುಗಿಯ ಸಹಿ ಒಂದಿದ್ದರೆ ಎಲ್ಲವೂ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಮುಟ್ಟಿದವರೇ ಕಾರಣ ಹೇಳಬೇಕಾಗುತ್ತದೆ, ಹಾಗಾಗಿ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಅವಳು ಇದನ್ನು ಆತನ ಮುಖದ ಮೇಲೆ ಸಾಲು ಸಾಲಾಗಿ ಓದಿದಳು.

"ಹಾಕಲ್ಲ," ಎಂದಳು.

"ಹಾಕದಿದ್ರೆ ನಿನ್ನನ್ನ ಕಂಪ್ಯೂಟರ್ ಹತ್ರ ಬಿಡೋಕಾಗಲ್ಲ. ಸುಳ್ಳು ಬರೆದಿದೀಯ, ಎಲ್ಲರೆದುರು ಒಪ್ಪಿಕೊಂಡಿದೀಯ."

"ಗೊತ್ತು."

"ಕ್ಯಾನು ತೊಳೆಯೋಕೆ ಹೋಗ್ತೀಯಾ?"

"ಹೋಗ್ತೀನಿ. ಸಾಲು ಇರುತ್ತಾ?"

ಆತ ಹಾಳೆಯನ್ನು ಅಡ್ಡ ಮಡಚಿದ, ಮತ್ತೊಮ್ಮೆ ಮಡಚಿದ, ಮೇಜಿನ ಡ್ರಾದಲ್ಲಿ ಹಾಕಿದ. "ಇರುತ್ತೆ," ಎಂದ, ಡ್ರಾಕ್ಕೆ ಹೇಳುವ ಹಾಗೆ.

ಅವಳ ಮೇಜಿಗೆ ನರಿನ್‌ನ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿ ಬಂದಳು. ಉಗುರಿಗೆ ಬಣ್ಣ ಹಚ್ಚಿದ್ದಳು, ಕೆಟ್ಟವಳಲ್ಲ. ತೊಳೆಯುವ ಮನೆಯಲ್ಲಿ ಬಿಸಿನೀರಿನ ಹಬೆಗೆ ಜಿಪಾರ್‌ಳ ಕೈಗಳು ಒಂದು ವಾರದಲ್ಲೇ ಬಿರಿದವು. ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನ್ ಎರಡನೇ ವಾರದಲ್ಲಿ ಮುಕಾಶ್ ಮೊದಲ ಸಲ ತಾಶ್-ಬೆಲ್‌ಗೆ ಹೋಗಿ ಬಂದ. ಪಟ್ಟಿ ಅವನ ಕೈಯ ಫೋನಿನಲ್ಲೇ ಇತ್ತು, ಹೆಸರು, ಬಂಡೆ, ಹೊಳೆ, ನಿಲ್ಲಿಸುವ ಜಾಗ, ಒಂದೂ ಬಿಟ್ಟಿರಲಿಲ್ಲ. ಹಾಲನ್ನು ಟ್ಯಾಂಕಿಗೆ ಸುರಿದು ಖಾಲಿ ಕ್ಯಾನುಗಳನ್ನು ತೊಳೆಯುವ ಮನೆಯ ಮುಂದೆ ಸಾಲಾಗಿ ಇಟ್ಟುಹೋದರು. ಮುಚ್ಚಳಗಳ ಅಂಚಿಗೆ ಹಸಿ ಹುಲ್ಲು ಅಂಟಿಕೊಂಡಿತ್ತು.

ಬುರುಲ್ ಎಜೆ ಬಾಗಿಲಲ್ಲಿ ಬಂದು ನಿಂತಳು. "ನಿರ್ದೇಶಕರು ಯಾರೋ ದೊಡ್ಡೋರನ್ನ ಕರ್ಕೊಂಡು ಬಂದು ನಕ್ಷೆ ತೋರಿಸ್ತಿದಾರೆ. ಬೇಸಿಗೆ ಪಟ್ಟಿ ಪೂರ್ತಿ ಸಾಗಿಸಿದ್ದು ತಮ್ಮ ದೂರದೃಷ್ಟಿ ಅಂತೆ. ಬಾ, ಕೇಳು, ಹೊಟ್ಟೆ ತುಂಬ ನಗಬಹುದು."

ಜಿಪಾರ್ ಮೊದಲ ಕ್ಯಾನಿನ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ನೋಡಿದಳು. ಅಮ್ಮನ ಹಸುಗಳದು. ಹೊಸ ಹುಲ್ಲಿಗೆ ಫ್ಯಾಟ್ ಸ್ವಲ್ಪ ಇಳಿದಿರುತ್ತದೆ, ನಾಲ್ಕು ಇರಬಹುದು.

"ಮೇಜಿನ ಹುಡುಗಿಗೆ ಹೇಳು ಎಜೆ," ಎಂದಳು. "ತಾಶ್-ಬೆಲ್‌ದು ಇವತ್ತು ನಾಲ್ಕರ ಮೇಲೆ ಬಂದ್ರೆ ಇನ್ನೊಂದು ಸಲ ಪರೀಕ್ಷೆ ಮಾಡ್ಲಿ."

ಹೇಳಿ, ಬಿಸಿನೀರು ಬಿಟ್ಟಳು.